ಕಲ್ಲುತೊಟ್ಟಿಯ ಚಿತ್ರದಲ್ಲಿ ನೀರೆಲ್ಲಿ?

2017ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಬೆರ್ಗ್ಯುನ್ ಎಂಬ ಬೆಟ್ಟದ ಹಳ್ಳಿ ಒಂದು ವಿಚಿತ್ರ ಕಟ್ಟಳೆ ಮಾಡಿತು. ಊರೊಳಗೆ ಪ್ರವಾಸಿಗರು ಫೋಟೊ ತೆಗೆಯುವಂತಿಲ್ಲ, ತೆಗೆದರೆ 5 ಫ್ರಾಂಕ್ ದಂಡ. ಕೊಟ್ಟ ಕಾರಣ ಇನ್ನೂ ವಿಚಿತ್ರ. ಬೆರ್ಗ್ಯುನ್‌ನ ಚೆಲುವನ್ನು ಜಾಲತಾಣಗಳಲ್ಲಿ ಕಂಡವರು ತಾವು ಅಲ್ಲಿಲ್ಲವಲ್ಲ ಎಂದು ಕೊರಗುತ್ತಾರಂತೆ, ಅವರ ಹೊಟ್ಟೆ ಉರಿಸುವುದು ಬೇಡ ಎಂದು ಈ ನಿಷೇಧ! ಇದು ಪ್ರವಾಸೋದ್ಯಮದವರ ಜಾಹೀರಾತಿನ ಚಮತ್ಕಾರ ಎಂಬುದು ಬಯಲಾಗಲು ಹೊತ್ತು ಹಿಡಿಯಲಿಲ್ಲ. ಅಷ್ಟರಲ್ಲಿ ದೇಶವಿದೇಶದ ಪತ್ರಿಕೆಗಳು ಸುದ್ದಿ ಮಾಡಿಯಾಗಿತ್ತು, ಹೆಸರೇ ಕೇಳದವರಿಗೂ ಬೆರ್ಗ್ಯುನ್ ಗೊತ್ತಾಗಿತ್ತು.

ತಮಾಷೆ ಹಾಗಿರಲಿ. ಆಲ್ಪ್ಸ್ ಪರ್ವತದ ಹಳೆಯ ಹಳ್ಳಿಗಳಲ್ಲಿ ಎಷ್ಟೋ ಇಂದು ಬದುಕುತ್ತಿರುವುದೇ ತಮ್ಮ ಚಿತ್ರಗಳ ಮೇಲೆ. ಆ ಚಿತ್ರಗಳಲ್ಲಿ ಹಿಮದ ಶಿಖರ, ಚರ್ಚಿನ ಗೋಪುರ ಬಿಟ್ಟರೆ ಹೆಚ್ಚು ಕಾಣಿಸುವುದು ಊರ ನಡುವಿನ ಕಲ್ಲಿನ ನೀರುತೊಟ್ಟಿ. ಅದರ ಅಂಚಿಗೆ ಕೆಂಪು ಜೆರೇನಿಯಂ ಹೂಕುಂಡ, ಹಿಂದೆ ನೀಲಿ ಆಕಾಶ. ಕ್ಯಾಲೆಂಡರಿನಲ್ಲಿ, ಅಂಚೆ ಕಾರ್ಡಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಅದೇ ಚಿತ್ರ ಮತ್ತೆ ಮತ್ತೆ. ಫೋಟೊ ತೆಗೆಯುವುದು ತಪ್ಪಲ್ಲ. ತೊಟ್ಟಿಯನ್ನು ಬರಿಯ ಅಲಂಕಾರವೆಂದು ತೆಗೆಯುವುದು ತಪ್ಪು. ತಲೆಮಾರುಗಟ್ಟಲೆ ಆ ಕಲ್ಲು ಮಾಡಿದ ಕೆಲಸವನ್ನು ಚೌಕಟ್ಟಿನ ಹೊರಗಿಟ್ಟು ಅಂದವನ್ನಷ್ಟೇ ಒಳಗಿಟ್ಟರೆ, ನಾಳೆ ಅದರ ನೀರು ನಿಂತರೂ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮೊದಲು ತೊಟ್ಟಿಯೇ ಏನೆಂದು ನೋಡಬೇಕು. ಇದು ಮೈಸೂರಿನ ಬೃಂದಾವನದಲ್ಲಿರುವಂಥ ಚಿಮ್ಮುವ ಕಾರಂಜಿಯಲ್ಲ. ಊರಿನ ಮೇಲ್ಭಾಗದ ಬೆಟ್ಟದಲ್ಲಿ ಒಂದು ಒರತೆ. ಅಲ್ಲಿಂದ ಕೊಳವೆಯಲ್ಲಿ ಇಳಿಜಾರಿನ ಬಲದಿಂದಲೇ ಇಳಿದು ಬರುವ ನೀರು, ಊರ ನಡುವೆ ನಿಲ್ಲಿಸಿದ ಕಂಬವೊಂದರ ನಳಿಗೆಯಿಂದ ತೊಟ್ಟಿಗೆ ಬೀಳುತ್ತದೆ. ಪಂಪಿಲ್ಲ, ಕರೆಂಟಿಲ್ಲ, ತಿರುಗಿಸಿ ನಿಲ್ಲಿಸುವ ನಲ್ಲಿಯೂ ಇಲ್ಲ. ಮಲೆನಾಡಿನ ಮನೆಗಳಲ್ಲಿ ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಹಿತ್ತಿಲಿಗೆ ಹರಿಸಿಕೊಳ್ಳುವುದನ್ನು ಕಂಡವರಿಗೆ ಈ ಏರ್ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಆಲ್ಪ್ಸ್‌ನಲ್ಲೂ ಮೊದಲು ಕೊಳವೆ, ತೊಟ್ಟಿ ಎರಡೂ ಮರದವೇ. ಮರ ಕೊಳೆತಂತೆಲ್ಲ ಅನುಕೂಲವಿದ್ದ ಊರುಗಳು ಕಲ್ಲಿಗೆ ಹೋದವು. ಇಪ್ಪತ್ತನೆಯ ಶತಮಾನ ಬಂದಾಗ ಕೆಲವೆಡೆ ಕಲ್ಲಿನ ಜಾಗಕ್ಕೆ ಸಿಮೆಂಟೂ ಬಂತು.

ತೊಟ್ಟಿಗೆ ಒಂದು ಶಿಸ್ತೂ ಇದೆ. ಅನೇಕ ಕಡೆ ಅದು ಒಂದೇ ತೊಟ್ಟಿಯಲ್ಲ, ಒಂದರ ತುದಿಗೆ ಇನ್ನೊಂದು ಹೊಂದಿಕೊಂಡ ಸಾಲು. ನಳಿಗೆಯ ನೀರು ಮನೆಯ ಕೊಡಕ್ಕೆ. ಮೊದಲ ತೊಟ್ಟಿಯಲ್ಲಿ ತುಂಬಿದ್ದು ದನಕರುಗಳಿಗೆ. ಅಲ್ಲಿಂದ ತುಳುಕಿ ಕೆಳಗಿನ ಸಣ್ಣ ತೊಟ್ಟಿಗೆ ಬಿದ್ದದ್ದು ಬಟ್ಟೆ ಒಗೆಯಲು, ತರಕಾರಿ ತೊಳೆಯಲು. ಈ ಕ್ರಮ ತಪ್ಪಿಸಿ ಮೇಲಿನ ತೊಟ್ಟಿಯಲ್ಲಿ ಬಟ್ಟೆ ಅದ್ದುವಂತಿರಲಿಲ್ಲ. ತೊಟ್ಟಿ ಉಜ್ಜುವುದು ಸುತ್ತಲಿನ ಮನೆಗಳವರ ಸರದಿಯ ಕೆಲಸ. ಬೆಂಕಿ ಬಿದ್ದರೆ ಮೊದಲ ಬಕೆಟ್ ತುಂಬುತ್ತಿದ್ದದ್ದೂ ಇಲ್ಲಿಯೇ.

ಇದೆಲ್ಲ ಒಟ್ಟಿಗೆ ಕಾಣುವ ಊರು ಗುವಾರ್ಡಾ. ಸ್ವಿಟ್ಜರ್ಲೆಂಡಿನ ಪೂರ್ವ ತುದಿಯ ಗ್ರೌಬ್ಯುಂಡೆನ್ ರಾಜ್ಯದಲ್ಲಿ, ಕೆಳ ಎಂಗಡೀನ್ ಕಣಿವೆಯ ಒಂದು ಬದಿಯ ದಿಬ್ಬದ ಮೇಲೆ, ಸಮುದ್ರಮಟ್ಟದಿಂದ 1,653 ಮೀಟರ್ ಎತ್ತರದಲ್ಲಿದೆ. ಇಲ್ಲಿನವರ ಮನೆಮಾತು ರೊಮಾನ್ಶ್. 1620ರ ದಶಕದ ಆರಂಭದಲ್ಲಿ ಆಸ್ಟ್ರಿಯದ ಸೇನೆ ಕೆಳ ಎಂಗಡೀನಿನ ಹಳ್ಳಿಗಳಿಗೆ ಬೆಂಕಿ ಇಟ್ಟಿತು. ಅದಾದ ಮೇಲೆ ಎದ್ದ ಮನೆಗಳೇ ಈಗ ಕಾಣುವ ಗುವಾರ್ಡಾದ ಬಹುಭಾಗ. ದಪ್ಪ ಗೋಡೆ, ಒಳಕ್ಕೆ ಕಿರಿದಾಗುತ್ತ ಹೋಗುವ ಆಳದ ಕಿಟಕಿ, ಸುಣ್ಣದ ಗಾರೆಯನ್ನು ಕೆರೆದು ಕೆಳಗಿನ ಕಪ್ಪು ಪದರ ಕಾಣುವಂತೆ ಮಾಡಿದ ಸ್ಗ್ರಾಫಿಟೊ ಚಿತ್ತಾರ. ಮನೆಗಳು ಗುಂಪುಗುಂಪಾಗಿ ತೊಟ್ಟಿಯಿರುವ ಬಯಲಿನ ಕಡೆ ಮುಖ ಮಾಡಿವೆ. ಗೋಡೆಯಿಂದ ಮುಂದಕ್ಕೆ ಚಾಚಿದ ಕಿಟಕಿಯಲ್ಲಿ ಕೂತರೆ ನೀರಿಗೆ ಯಾರು ಬಂದರು, ಯಾರು ಯಾರೊಡನೆ ಮಾತಿಗೆ ನಿಂತರು ಎಲ್ಲ ಕಾಣುತ್ತದೆ.

ಈ ಊರು ಉಳಿದದ್ದು ತನ್ನಷ್ಟಕ್ಕೆ ತಾನೇ ಅಲ್ಲ. 1939ರಿಂದ 1945ರವರೆಗೆ, ಸುತ್ತಲೂ ಯುದ್ಧ ನಡೆಯುತ್ತಿದ್ದ ಕಾಲದಲ್ಲೇ, ವಾಸ್ತುಶಿಲ್ಪಿ ಯಾಖೆನ್ ಉಲ್ರಿಕ್ ಕ್ಯೋನ್ಜ್ ಅವರ ಮುಂದಾಳತ್ವದಲ್ಲಿ ಇಲ್ಲಿನ ಮನೆಗಳು ದುರಸ್ತಿಯಾದವು. ಅವರ ಪತ್ನಿ ಸೆಲಿನಾ ಬರೆದು, ಅಲೋಯಿಸ್ ಕಾರಿಜೆಟ್ ಚಿತ್ರ ಬಿಡಿಸಿದ ಮಕ್ಕಳ ಪುಸ್ತಕ 'ಶೆಲೆನ್ ಉರ್ಸ್ಲಿ' 1945ರಲ್ಲಿ ಬಂತು. 1975ರಲ್ಲಿ ಸ್ವಿಸ್ ಪರಂಪರೆ ಸಂಘದ ವಾಕರ್ ಪ್ರಶಸ್ತಿ ಗುವಾರ್ಡಾಕ್ಕೆ ಸಂದಿತು. ಆ ಪುಸ್ತಕದ ಹುಡುಗ ದೊಡ್ಡ ಗಂಟೆಗಾಗಿ ಹಂಬಲಿಸುವುದು ಚಲಂಡಾಮಾರ್ಜ್ ಹಬ್ಬದ ಮೆರವಣಿಗೆಗೆ. ಪ್ರತಿ ವರ್ಷ ಮಾರ್ಚ್ 1ರಂದು ಎಂಗಡೀನಿನ ಮಕ್ಕಳು ಕೊರಳಲ್ಲಿ ದನದ ಗಂಟೆ ಕಟ್ಟಿಕೊಂಡು, ಚಳಿಗಾಲವನ್ನು ಓಡಿಸಲು ಊರೆಲ್ಲ ಸುತ್ತುತ್ತಾರೆ. ಆ ಸುತ್ತಿನಲ್ಲಿ ತೊಟ್ಟಿಗಳಿಗೂ ಪ್ರದಕ್ಷಿಣೆ ಆಗಬೇಕು.

ಇಷ್ಟು ಹೊತ್ತುಕೊಂಡ ಕಲ್ಲಿನ ಮುಂದೆ ಪ್ರವಾಸಿ ನಿಲ್ಲುವುದು ಎಷ್ಟು ಹೊತ್ತು? ಬಸ್ಸಿಳಿದು, ಹೂಕುಂಡ ಒಳಗೆ ಬರುವಂತೆ, ಸಿಮೆಂಟಿನ ದುರಸ್ತಿಯ ತೇಪೆ ಹೊರಗೆ ಹೋಗುವಂತೆ ಫೋನು ಹಿಡಿದು, ಜನ ಸರಿಯುವವರೆಗೆ ಕಾದು, ಒಂದು ಒತ್ತು. ಕ್ಯಾಮೆರಾ ಬಲ್ಲವರಾದರೆ ಶಟರನ್ನು ಒಂದು ಸೆಕೆಂಡು ತೆರೆದಿಟ್ಟು ನೀರನ್ನು ಹಾಲಿನ ಎಳೆಯಂತೆ ಮಾಡುತ್ತಾರೆ. ಇದೀಗ ಫೋನುಗಳೂ ಆ ಚಮತ್ಕಾರ ಕಲಿತಿವೆ.

ಆ ರೇಷ್ಮೆ ನೀರಿನ ಮೇಲೆ ಒಂದು ಗಂಭೀರ ತಕರಾರು ಇದೆ. ನಳಿಗೆಯಿಂದ ಅರ್ಧ ಮೀಟರ್ ಕೆಳಗಿನ ತೊಟ್ಟಿಗೆ ಬೀಳುವ ಹೊತ್ತಿಗೆ ನೀರಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಶಟರ್ 1/1000 ಸೆಕೆಂಡು ತೆರೆದರೆ ಹನಿ ಚಲಿಸುವುದು 3 ಮಿಲಿಮೀಟರ್, ಹಾಗಾಗಿ ಹನಿಹನಿಯೂ ಗಾಜಿನ ಮಣಿಯಂತೆ ನಿಂತುಬಿಡುತ್ತದೆ. 1/60ರಲ್ಲಿ ಸುಮಾರು 5 ಸೆಂಟಿಮೀಟರಿನ ಗೆರೆ ಎಳೆಯುತ್ತದೆ. ಕಣ್ಣಿಗೆ ಕಾಣುವ ನೀರಿಗೆ ಹತ್ತಿರವಾದದ್ದು ಇದೇ. ಒಂದು ಸೆಕೆಂಡು ತೆರೆದಿಟ್ಟಾಗ ಇಡೀ ಧಾರೆ ಬಿಳಿಯ ಮಂಜಾಗುತ್ತದೆ. ದಪ್ಪ ಧಾರೆಗೂ ಸೊರಗಿದ ಧಾರೆಗೂ ಆಗ ಭೇದ ಸುಲಭಕ್ಕೆ ಕಾಣುವುದಿಲ್ಲ. ಬರಗಾಲದ ವರ್ಷದ ತೊಟ್ಟಿಯೂ ಮಳೆ ಚೆನ್ನಾಗಿ ಬಂದ ವರ್ಷದ ತೊಟ್ಟಿಯೂ ಹೆಚ್ಚುಕಡಿಮೆ ಒಂದೇ ಥರ. ಚಿತ್ರ ಅಂದವಾಗಿದೆ, ಆದರೆ ಅದರಿಂದ ತಿಳಿಯಬೇಕಾದ ಮುಖ್ಯ ಸಂಗತಿಯೇ ಅಳಿಸಿಹೋಗಿದೆ.

ಬೆಳಕಿನ ವಿಷಯವೂ ಹಾಗೆಯೇ. ಬೇಸಿಗೆಯ ನಡುಹಗಲಲ್ಲಿ ಇಕ್ಕಟ್ಟಾದ ಓಣಿಯಲ್ಲಿ ಅರ್ಧ ತೊಟ್ಟಿ ಸುಟ್ಟ ಬಿಳುಪು, ಇನ್ನರ್ಧ ಕಡುಗಪ್ಪು. ಕಲ್ಲಿಗೆ ಒಪ್ಪುವುದು ಮೋಡ ಕವಿದ ದಿನ. ಆದರೆ ಕಂಬದ ಮೇಲೆ ಕೆತ್ತಿದ ಇಸವಿ ಸವೆದು ಮಾಸಿದ್ದರೆ ಮುಂಜಾನೆಯ ಅಥವಾ ಸಂಜೆಯ ಓರೆ ಬಿಸಿಲಿಗೇ ಕಾಯಬೇಕು. ಬೆಳಕು ಬದಿಯಿಂದ ಸವರಿದಾಗ ಗೆರೆಗಳ ನೆರಳು ಬಿದ್ದು ಅಂಕಿಗಳು ಎದ್ದು ಬರುತ್ತವೆ. ನೀರು ಚಿಮುಕಿಸಿದರೂ ಕೆತ್ತನೆ ಸ್ಪಷ್ಟವಾಗುತ್ತದೆ. ತೊಟ್ಟಿಯ ತಳ ಕಾಣಬೇಕಾದರೆ ಪೋಲರೈಸರ್ ಫಿಲ್ಟರ್ ಹಾಕಿ, ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡುವಂತೆ ನಿಲ್ಲಬೇಕು. ಆಕಾಶದ ಹೊಳಪು ಮಾಯವಾಗಿ ಉಳಿಯ ಗುರುತು, ಪಾಚಿ, ಬಿರುಕಿಗೆ ಹಾಕಿದ ಬೆಸುಗೆ ಎಲ್ಲ ಕಾಣುತ್ತವೆ. ಇವು ದುಬಾರಿ ವಿದ್ಯೆಗಳಲ್ಲ. ಬೇಕಾದದ್ದು ಸ್ವಲ್ಪ ಪುರುಸೊತ್ತು.

ಗುವಾರ್ಡಾದಿಂದ ಕಣಿವೆಯುದ್ದಕ್ಕೆ ಕೆಳಗಿಳಿದರೆ ಶ್ಕುವೋಲ್ ಪಟ್ಟಣ ಸಿಗುತ್ತದೆ. 2015ರಿಂದ ಗುವಾರ್ಡಾ ಆಡಳಿತದ ಮಟ್ಟಿಗೆ ಇದರಲ್ಲೇ ಸೇರಿದೆ. ಶ್ಕುವೋಲ್ ಸುತ್ತ ಇಪ್ಪತ್ತಕ್ಕೂ ಹೆಚ್ಚು ಖನಿಜ ಜಲದ ಒರತೆಗಳಿವೆ. ಹಳೆಯ ಕೇರಿಯ ತೊಟ್ಟಿಗಳಲ್ಲಿ ಒಂದು ನಳಿಗೆಯಿಂದ ಸಾದಾ ನೀರು ಬಂದರೆ ಇನ್ನೊಂದರಿಂದ ನೊರೆಗುಟ್ಟುವ ಖನಿಜ ಜಲ ಬರುತ್ತದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಸೋಡಾದಂಥ ನೀರು ಬೀದಿಯಲ್ಲಿ ಪುಕ್ಕಟೆ. ಅದರಲ್ಲಿನ ಕಬ್ಬಿಣ ಗಾಳಿಗೆ ಸಿಕ್ಕಿ ತುಕ್ಕಾಗಿ, ನಳಿಗೆಯ ಕೆಳಗಿನ ಕಲ್ಲಿಗೆ ಕಾವಿಗೆಂಪು ಬಣ್ಣ ಕಟ್ಟುತ್ತದೆ. ಫೋಟೊ ತಿದ್ದುವ ಆ್ಯಪ್‌ಗಳಲ್ಲಿ ಮೊದಲು ಒರೆಸಿ ಹಾಕುವುದು ಇಂಥ ಕಲೆಗಳನ್ನೇ. ಒರೆಸಿದ ಮೇಲೆ ಉಳಿಯುವುದು ಯಾವ ಊರಿನದೂ ಆಗಬಹುದಾದ ಸ್ವಚ್ಛ ಕಲ್ಲು. ಇದು ಶ್ಕುವೋಲ್ ಎಂಬುದಕ್ಕೆ ಆ ಕೆಂಪು ಕಲೆಯೇ ಸಾಕ್ಷಿಯಾಗಿತ್ತು.

ಫ್ರಾನ್ಸಿನ ಕೆರಾಸ್ ಪ್ರದೇಶದ ಸೇಂಟ್ ವೆರಾನ್, 2,040 ಮೀಟರ್ ಎತ್ತರದ ಊರು, ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಅಲ್ಲಿನ ತೊಟ್ಟಿಗಳು ಇಂದಿಗೂ ಮರದವು. ಮರದ ಮನೆಗಳಿಗೆ ಬೆಂಕಿ ತಗುಲಿದರೆ ಊರಿಗೆ ಊರೇ ಉರಿಯಬಾರದೆಂದು ಕೇರಿಗಳ ನಡುವೆ ಖಾಲಿ ಜಾಗ ಬಿಟ್ಟಿದ್ದಾರೆ. ಕೇರಿ ಕೇರಿಗೂ ಬೇರೆ ತೊಟ್ಟಿ, ಬೇರೆ ಬ್ರೆಡ್ ಒಲೆ. ಹೂಕುಂಡದ ಹತ್ತಿರ ಬಗ್ಗಿ ತೆಗೆದ ಚಿತ್ರದಲ್ಲಿ ಈ ಲೆಕ್ಕಾಚಾರ ಸಿಗುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು ತೊಟ್ಟಿಯನ್ನೂ ಕೇರಿಯನ್ನೂ ಖಾಲಿ ಜಾಗವನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಸಿಗುತ್ತದೆ.

ಎಲ್ಲರೂ ಚೌಕಟ್ಟಿನಿಂದ ಹೊರಗಿಡುವ ಇನ್ನೊಂದು ವಸ್ತು ಸಣ್ಣ ಫಲಕ: 'ಕುಡಿಯುವ ನೀರಲ್ಲ'. ನೋಟ ಕೆಡಿಸುತ್ತದೆ, ನಿಜ. ಆದರೆ ಅದರ ಹಿಂದೆಯೂ ಚರಿತ್ರೆ ಇದೆ. 1963ರಲ್ಲಿ ಜಗತ್ಪ್ರಸಿದ್ಧ ಜೆರ್ಮಾಟ್‌ನ ನೀರಿನ ವ್ಯವಸ್ಥೆಗೆ ಕೊಳಚೆ ಸೇರಿ, ಸ್ಕೀಯಿಂಗ್ ಹಂಗಾಮಿನ ನಡುವೆ 400ಕ್ಕೂ ಹೆಚ್ಚು ಮಂದಿಗೆ ಟೈಫಾಯ್ಡ್ ತಗುಲಿತು, ಕೆಲವರು ಸತ್ತರು. ಬೆಟ್ಟದ ನೀರು ಎಂದ ಮಾತ್ರಕ್ಕೆ ಶುದ್ಧವೆಂಬ ನಂಬಿಕೆ ಅಲ್ಲಿ ಬಿರುಕುಬಿಟ್ಟಿತು. ಸ್ವಿಟ್ಜರ್ಲೆಂಡಿನಲ್ಲಿ ಈಗ ಇಂಥ ಫಲಕವಿಲ್ಲದ ಊರತೊಟ್ಟಿಯ ನೀರನ್ನು ಜನ ಧೈರ್ಯವಾಗಿ ಕುಡಿಯುತ್ತಾರೆ. ಫಲಕ ಇದೆಯೋ ಇಲ್ಲವೋ ಎಂಬುದೇ ತೊಟ್ಟಿಯ ಆರೋಗ್ಯದ ವರದಿ. ಅದನ್ನು ಕತ್ತರಿಸಿ ಹಾಕುವ ಛಾಯಾಗ್ರಾಹಕ ವರದಿಯನ್ನೇ ಹರಿದಂತಾಯಿತು.

ಹಾಗಾದರೆ ಸರಿಯಾಗಿ ತೆಗೆದವರು ಯಾರೂ ಇಲ್ಲವೇ? ಇದ್ದಾರೆ. ಜ್ಯೂರಿಕ್ ಕಡೆಯ ರೇಷ್ಮೆ ಉದ್ಯಮಿ ರುಡಾಲ್ಫ್ ತ್ಸಿಂಗೆಲರ್ (1864–1954) ಕ್ಯಾಮೆರಾ ಹೊತ್ತು ದಶಕಗಳ ಕಾಲ ಸ್ವಿಸ್ ಹಳ್ಳಿಗಳನ್ನು ಅಲೆದರು. ಅವರ ಚಿತ್ರಗಳಲ್ಲಿ ಮನೆ, ಸೇತುವೆ, ಓಣಿ, ತೊಟ್ಟಿ ಯಾವುದೂ ಸಿಂಗಾರಕ್ಕೆ ನಿಂತಿಲ್ಲ, ಇದ್ದದ್ದು ಇದ್ದ ಹಾಗೆ. ಸಾವಿರಗಟ್ಟಲೆ ಇರುವ ಆ ಚಿತ್ರಗಳು ಇಂದು ಸ್ಮಾರಕ ಸಂರಕ್ಷಣೆಯ ದಾಖಲೆಯಾಗಿ ಬರ್ನ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಗ್ರಂಥಾಲಯ ಅವುಗಳಲ್ಲಿ ಅನೇಕವನ್ನು ವಿಕಿಮೀಡಿಯ ಕಾಮನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ತೊಟ್ಟಿ ಮೊದಲು ಎಲ್ಲಿತ್ತು, ಕಂಬ ಯಾವಾಗ ಬದಲಾಯಿತು ಎಂದು ಹುಡುಕುವವರಿಗೆ ಇಂಥ ಚಿತ್ರವೇ ಆಧಾರ. ಸ್ವಿಸ್ ಸರ್ಕಾರ ಸಂರಕ್ಷಣೆಗೆ ಯೋಗ್ಯವಾದ ಊರುಗಳ ರಾಷ್ಟ್ರೀಯ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಸುಮಾರು 1,200 ನೆಲೆಗಳಿರುವ ಆ ಪಟ್ಟಿಯ ದಾಖಲೆಗಳಲ್ಲಿ ಫೋಟೊಗಳಿಗೂ ಜಾಗವಿದೆ. ಚಂದದ ಚಿತ್ರ ಪ್ರವಾಸಿಯನ್ನು ಕರೆತಂದೀತು, ಊರನ್ನು ಕಾಪಾಡುವುದು ನಿಷ್ಠುರವಾದ ಚಿತ್ರ.

ಬರಿಯ ಚಂದಕ್ಕೆ ಜೋತುಬಿದ್ದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರಿಯದ ಹಾಲ್‌ಸ್ಟಾಟ್ ಇದೆ. 1997ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಆ ಕೆರೆದಂಡೆಯ ಊರಿನ ಜನಸಂಖ್ಯೆ ಎಂಟುನೂರು ದಾಟದು. ಹಂಗಾಮಿನಲ್ಲಿ ದಿನಕ್ಕೆ 10,000 ಪ್ರವಾಸಿಗರು ಬಂದದ್ದೂ ಉಂಟು. ಚೀನದ ಕಟ್ಟಡ ಕಂಪನಿಯೊಂದು ಹಾಲ್‌ಸ್ಟಾಟ್‌ನ ಬೀದಿ, ಚೌಕಗಳ ಫೋಟೊ ತೆಗೆದುಕೊಂಡು ಹೋಗಿ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಅದರ ಪ್ರತಿಕೃತಿಯನ್ನೇ ಕಟ್ಟಿ 2012ರಲ್ಲಿ ತೆರೆಯಿತು. 2023ರ ಮೇ ತಿಂಗಳಲ್ಲಿ ಊರವರು ಸೆಲ್ಫಿ ಜಾಗದ ಮುಂದೆ ಮರದ ಬೇಲಿ ಹಾಕಿದರು, ಜಾಲತಾಣಗಳಲ್ಲಿ ಗದ್ದಲವೆದ್ದ ಮೇಲೆ ಕಿತ್ತರು. ಮುಂಭಾಗದ ಅಂದವನ್ನು ಎಲ್ಲಿ ಬೇಕಾದರೂ ನಕಲು ಮಾಡಬಹುದು. ಮೇಲಿನ ಬೆಟ್ಟದ ಒರತೆಯನ್ನೂ, ತೊಟ್ಟಿ ತೊಳೆಯುವ ಸರದಿಯನ್ನೂ ನಕಲು ಮಾಡಲು ಬರುವುದಿಲ್ಲ.

ಇಷ್ಟಕ್ಕೂ ತೊಟ್ಟಿ ಅಲಂಕಾರವೋ ಸೌಕರ್ಯವೋ ಎಂಬ ಪ್ರಶ್ನೆ ಈಗ ಬರಿಯ ರಸಿಕರದ್ದಲ್ಲ. 2022ರ ಬೇಸಿಗೆಯ ಬರದಲ್ಲಿ ಮಿಲಾನ್ ನಗರ ತನ್ನ ಅಲಂಕಾರದ ಕಾರಂಜಿಗಳನ್ನು ನಿಲ್ಲಿಸಿತು. ಅದೇ ವರ್ಷ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಶೇ 6ರಷ್ಟನ್ನು, ಮರುವರ್ಷ ಇನ್ನೂ ಶೇ 4ರಷ್ಟನ್ನು ಕಳೆದುಕೊಂಡವು. ನೀರು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಅಲಂಕಾರದ ಮೇಲೆ. ಹಗಲಿರುಳು ಹರಿಯುವ ಹಳ್ಳಿಯ ತೊಟ್ಟಿಯನ್ನು ಕಂಡವರಿಗೆ ಪೋಲು ಅನಿಸುವುದೂ ಸಹಜ. ಆದರೆ ಒರತೆಯಿಂದ ನೇರ ಬರುವ ನೀರು ತೊಟ್ಟಿಗೆ ಬಾರದಿದ್ದರೆ ಹಳ್ಳಕ್ಕೆ ಹೋಗುತ್ತದೆ, ತೊಟ್ಟಿಗೆ ಬಂದರೂ ಕಡೆಗೆ ಸೇರುವುದು ಹಳ್ಳವನ್ನೇ. ನಿರಂತರ ಹರಿಯುವುದರಿಂದಲೇ ಅದು ಬೇಸಿಗೆಯಲ್ಲಿ ತಂಪಾಗಿ, ಕುಡಿಯಲು ಯೋಗ್ಯವಾಗಿ ಇರುತ್ತದೆ, ಚಳಿಗಾಲದಲ್ಲಿ ಬೇಗ ಹೆಪ್ಪುಗಟ್ಟುವುದಿಲ್ಲ. ಇದನ್ನು ತಿಳಿದವರು ತೊಟ್ಟಿಯ ಪರ ವಾದಿಸಬಲ್ಲರು. ಹೂಕುಂಡದ ಚಿತ್ರ ಮಾತ್ರ ನೋಡಿದವರು, ನೀರು ನಿಲ್ಲಿಸಿ ತೊಟ್ಟಿಗೆ ಮಣ್ಣು ತುಂಬಿ ಹೂಗಿಡ ನೆಟ್ಟರೂ ಚಂದವಾಗಿದೆ ಎಂದಾರು.

ಪ್ರವಾಸಕ್ಕೆ ಹೋದವನಿಗೆ ಇಷ್ಟೆಲ್ಲ ತಲೆನೋವು ಏಕೆ, ಕಣ್ಣಿಗೆ ಹಿತವಾದದ್ದನ್ನು ತೆಗೆದುಕೊಂಡು ಬಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಅಂದವನ್ನು ಕಂಡು ಕ್ಯಾಮೆರಾ ಎತ್ತುವುದು ಅಪರಾಧವಲ್ಲ. ಕಾರಿಜೆಟ್ ಕೂಡ ಗುವಾರ್ಡಾವನ್ನು ಚಂದವಾಗಿಯೇ ಬಿಡಿಸಿದರು, 1966ರಲ್ಲಿ ಮಕ್ಕಳ ಪುಸ್ತಕದ ಚಿತ್ರಕಲೆಗೆ ಮೊದಲ ಬಾರಿ ಕೊಟ್ಟ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿಯೂ ಅವರಿಗೇ ಬಂತು. ಆದರೆ ಅವರು ಬಿಡಿಸಿದ ಊರಿನಲ್ಲಿ ಮಕ್ಕಳಿದ್ದರು, ದನಗಳಿದ್ದವು, ಹಬ್ಬವಿತ್ತು. ಅಂದಕ್ಕೆ ಊರನ್ನು ಖಾಲಿ ಮಾಡಬೇಕಾಗಿ ಬರಲಿಲ್ಲ.

ಸ್ವಿಟ್ಜರ್ಲೆಂಡ್ ಭಾರತೀಯರಿಗೆ ಹೊಸ ಊರಲ್ಲ. ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾ ಪ್ರತಿಮೆ ಇದೆ. ಟಿಟ್ಲಿಸ್ ಶಿಖರದಲ್ಲಿ ಶಾರುಖ್–ಕಾಜೋಲ್ ಕಟೌಟ್ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲಿನಲ್ಲಿ ಕನ್ನಡದ ಮಾತೂ ಕೇಳುತ್ತದೆ. ಅದೇ ಪ್ರವಾಸದಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಗುವಾರ್ಡಾ ಥರದ ಊರಿಗೆ ಹೋಗುವವರು ಕೆಲವು ಸಣ್ಣ ಶಿಸ್ತು ಪಾಲಿಸಲಿ. ಎದುರಿಗಿರುವುದು ಜನ ವಾಸಿಸುವ ಮನೆ, ಕಿಟಕಿಯೊಳಕ್ಕೆ ಲೆನ್ಸ್ ತಿರುಗಿಸುವುದು ಬೇಡ, ಓಣಿಗೆ ಅಡ್ಡಲಾಗಿ ಟ್ರೈಪಾಡ್ ಊರುವುದೂ ಬೇಡ. ತೊಟ್ಟಿಯ ಅಂಚಿನ ಮೇಲೆ ಹತ್ತಿ ನಿಲ್ಲಬೇಡಿ, ಕೈಕಾಲು ತೊಳೆಯಬೇಡಿ.

ಆಮೇಲೆ ನಾಲ್ಕು ಚಿತ್ರ ತೆಗೆಯಿರಿ: ತೊಟ್ಟಿ ಮತ್ತು ಸುತ್ತಲಿನ ಮನೆಗಳು ಒಟ್ಟಿಗೆ ಇರುವ ಒಂದು, ಧಾರೆಯ ದಪ್ಪ ತಿಳಿಯುವಂಥ ಒಂದು, ಕಂಬದ ಮೇಲಿನ ಇಸವಿಯದೊಂದು, ನೀರಿನ ಫಲಕವಿದ್ದರೆ ಅದರದೊಂದು. ಯಾರಾದರೂ ಬಾಟಲಿ ತುಂಬಿಸಿಕೊಳ್ಳಲು ಬಂದರೆ ಅವರು ಹೋಗಲೆಂದು ಕಾಯಬೇಡಿ, ಅವರನ್ನು ಕೇಳಿ ಅವರ ಸಮೇತ ತೆಗೆಯಿರಿ. ಊರಿಗೆ ಮರಳಿದ ಮೇಲೆ ಹೂಕುಂಡದ ಚಿತ್ರ ಇನ್‌ಸ್ಟಾಗ್ರಾಮಿಗೆ ಹೋಗಲಿ, ಅಡ್ಡಿಯಿಲ್ಲ. ಈ ನಾಲ್ಕನ್ನು ಊರಿನ ಹೆಸರು ಮತ್ತು ತಾರೀಖಿನೊಂದಿಗೆ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಅಲ್ಲಿ ಖಾತೆ ತೆರೆಯಲು ದುಡ್ಡು ಬೇಕಿಲ್ಲ, ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು.